ತಾಂಡೇಲರ ಮರ ಎಷ್ಟೆತ್ತರ?

ನಮ್ಮ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಕತ್ತೆತ್ತಿದರೆ, ಮಿತ್ರರೇ, ಕಾರವಾರದ ಬೆನ್ನಿಗಿರುವ ಗುಡ್ಡ ಅಡಿಯಿಂದ ಮುಡಿಯವರೆಗೆ ಒಂದೇ ಹಸಿರಾಗಿ ಕಾಣುತ್ತದೆ. ಕಾಡಿನ ಕಚೇರಿಯಲ್ಲಿ ಎಂಟು ವರ್ಷ ಕಾರಕೂನಿಕೆ ಮಾಡಿಯೂ ಅದು ಒಂದೇ ಕಾಡೆಂದು ನಾನು ನಂಬಿಕೊಂಡಿದ್ದೆ. ನಾನು ಮರಗಳನ್ನು ಬಲ್ಲದ್ದು ಕಾಗದದ ಮೇಲೆ. ಅಲ್ಲಿ ಮತ್ತಿಗೂ ಹೊನ್ನೆಗೂ ಒಂದೊಂದೇ ಸಾಲು, ಎಲ್ಲವೂ ಸಮಾನ ಎತ್ತರ.

ಅಂಕೋಲೆಯಲ್ಲಿ ಉಪ್ಪು ಬೇಯಿಸಿ ಜೈಲಿಗೆ ಹೋದವರು ತಿರುಗಿ ಬಂದು ಒಂದೆರಡು ವರ್ಷವಾಗಿತ್ತು. ರೈಲುಹಳಿಯ ಅಡಿಗೆ ಹಾಕುವ ದಿಮ್ಮಿಗಳಿಗಾಗಿ ಆ ಗುಡ್ಡದ ಮರಗಳನ್ನು ಕಡಿಸುವುದೆಂದು ನಮ್ಮ ಕಚೇರಿಯಲ್ಲಿ ತೀರ್ಮಾನವಾದ ವಾರವೇ ಸದಾಶಿವಗಡದಿಂದ ಪುರಸಣ್ಣ ಓಡಿ ಬಂದ. ಅವನು ತಾಂಡೇಲ, ಅಂದರೆ ದೋಣಿಯ ಯಜಮಾನ. ಅವನ ಅಪ್ಪಣೆಯಂತೆ ಹದಿನಾಲ್ಕು ಜನ ಸಮುದ್ರಕ್ಕಿಳಿಯುತ್ತಿದ್ದರು. ಗುಡ್ಡದ ನೆತ್ತಿಯ ಒಂಟಿ ಮರವೊಂದು ಕಡಲಿನ ದ್ವೀಪವೊಂದರ ಮೂಗಿಗೆ, ಎಂದರೆ ಚಾಚಿದ ತುದಿಗೆ, ನೇರವಾಗಿ ಬಂದ ಕೂಡಲೇ ದೋಣಿಯನ್ನು ತೆಂಕಕ್ಕೆ ತಿರುಗಿಸಬೇಕಂತೆ, ಇಲ್ಲವಾದರೆ ನೀರೊಳಗೆ ಅಡಗಿ ಕುಳಿತ ಬಂಡೆ ತಳವನ್ನು ಸೀಳಿಬಿಡುತ್ತದಂತೆ. ಆ ತಿರುವಿನಲ್ಲಿ ತಲೆಯ ವಸ್ತ್ರ ಬಿಚ್ಚಿ ಮರಕ್ಕೆ ಕೈಮುಗಿಯುವುದು ಅವನ ಅಜ್ಜನ ಕಾಲದ ರೂಢಿ. ನಮ್ಮ ಸಾಹೇಬರು ಕರಗಿದರು, ಆದರೆ ಪೂರ್ತಿಯಾಗಿ ಅಲ್ಲ. ಒಂದೇ ಒಂದು ಮರ ಬಿಡುತ್ತೇನೆ, ಅದಕ್ಕೆ ಸುಣ್ಣದ ಪಟ್ಟೆ ಬಳಿದು ಬನ್ನಿ, ಎರಡನೆಯದಕ್ಕೆ ಬಳಿದರೆ ಎರಡನ್ನೂ ಕಡಿಸುತ್ತೇನೆ ಎಂದರು.

ಹೀಗೆ ಸುಣ್ಣದ ಗಡಿಗೆ ಹಿಡಿದ ಪುರಸಣ್ಣ, ಅಳತೆಯ ಹಗ್ಗ ಹಿಡಿದ ಗಾರ್ಡ ಹಮ್ಮಣ್ಣ, ಪೆನ್ಸಿಲ್ಲು ಹಿಡಿದ ನಾನು, ಮೂವರೂ ಒಂದು ಬೆಳಿಗ್ಗೆ ಗುಡ್ಡ ಹತ್ತಿದೆವು. ಬುಡದಲ್ಲಿ ಗೇರು, ಕವಳಿಯ ಮುಳ್ಳು, ನನ್ನ ಧೋತರದ ಅಂಚಿನ ಮೇಲೆ ಅವಕ್ಕೆ ವಿಪರೀತ ಪ್ರೀತಿ. ಸ್ವಲ್ಪ ಏರಿದರೆ ಮತ್ತಿ, ಕಿಂದಳ, ಬಿದಿರ ಮೆಳೆ. ಕಾಲಿಟ್ಟಲ್ಲೆಲ್ಲ ಒಣಗಿದೆಲೆ ಹಪ್ಪಳದಂತೆ ಮುರಿಯುತ್ತಿತ್ತು. ಇನ್ನೂ ಏರಿದೆವು, ಯಾರೋ ಬಾಗಿಲು ತೆರೆದು ಒಳಗೆ ಕರೆದ ಹಾಗೆ ಒಮ್ಮೆಲೇ ತಂಪು! ಅಲ್ಲಿ ಎಲೆ ಉದುರಿಸುವ ಪದ್ಧತಿಯೇ ಇಲ್ಲ. ಬೈನೆ, ಬೆತ್ತ, ಹಲಗೆಯಂಥ ಬೇರು ಚಾಚಿದ ಮಹಾವೃಕ್ಷಗಳು, ನಡುಹಗಲಿನಲ್ಲೂ ಹಸಿರು ಮಬ್ಬು. ನನಗೆ ಹುಚ್ಚು ಸಂತೋಷವಾಯಿತು. ಎಂಟು ವರ್ಷ ಬರೆದ ಹೆಸರುಗಳೆಲ್ಲ ನನ್ನೆದುರು ಮೈತಳೆದು ನಿಂತಿದ್ದವು, ನಾನು ಒಂದೊಂದನ್ನೂ ಮುಟ್ಟಿ ಮುಟ್ಟಿ ಕುಣಿದೆ.

ಅಷ್ಟರಲ್ಲಿ ಸುರಹೊನ್ನೆ ಮರವೊಂದು ಎದುರಾಯಿತು. ಒಂದು ಡೊಂಕಿಲ್ಲ, ಒಂದು ಗಂಟಿಲ್ಲ, ಆಕಾಶಕ್ಕೆ ನೆಟ್ಟ ಕಂಬ. ಕೂವೆಮರಕ್ಕೆ, ಎಂದರೆ ಹಾಯಿ ಕಟ್ಟುವ ಕಂಬಕ್ಕೆ, ಅದಕ್ಕಿಂತ ಬೇರೆ ಬೇಕೆ? ಪುರಸಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು.

"ಇದೇಯಾ ಕಾರಕೂನ್ರೆ, ಇದೇ ನಮ್ಮ ಮರ! ಹತ್ತಿದ ಹಾಗೇ ಮರ ದೊಡ್ಡದಾತಾ ಬಂತು, ಇದ್ಕಿಂತ ದೊಡ್ಡದು ಮತ್ತೆಲ್ಲಿರ್ತದೆ? ಅಷ್ಟು ದೂರಕ್ಕೆ ಕಾಣೂಕೆ ಇಷ್ಟು ಎತ್ತರ ಬೇಕೇ ಬೇಕು."

"ನೆತ್ತಿ ಇನ್ನೂ ಮೇಲಿದೆ ಮಾರಾಯಾ," ಎಂದು ಹಮ್ಮಣ್ಣ ಹೇಳುವುದರೊಳಗೆ ಪುರಸಣ್ಣ ಗಡಿಗೆಯ ಸುಣ್ಣವನ್ನೆಲ್ಲ ಬಳಿದು ಕೈಮುಗಿದಾಗಿತ್ತು.

ಇನ್ನು ಸಮುದ್ರವನ್ನೊಮ್ಮೆ ನೋಡಿಕೊಂಡು ಇಳಿಯೋಣವೆಂದು ನಾನೇ ಹಟ ಹಿಡಿದೆ. ಅಲ್ಲಿಂದ ಮುಂದೆ, ನಂಬಿ, ಕಾಡು ಕುಗ್ಗತೊಡಗಿತು. ಮರಗಳು ಮೊದಲು ಮನೆಯೆತ್ತರವಾದವು, ಆಮೇಲೆ ಬಾಗಿಲೆತ್ತರ, ಆಮೇಲೆ ಮೈಯೆಲ್ಲ ಪಾಚಿ ಹೊದ್ದು, ಗಾಳಿಗೆ ಸೊಂಟ ತಿರುಚಿ ನಿಂತ ಮುದುಕರು. ಗಾಳಿ ಜೋರು, ಮಣ್ಣು ಒಂದು ಗೇಣು, ಕೆಳಗೆಲ್ಲ ಕಲ್ಲು. ಅಲ್ಲಿ ಬೆಳೆಯುವುದಕ್ಕಿಂತ ಬೀಳದೆ ಇರುವುದೇ ದೊಡ್ಡ ಕೆಲಸ. ನಮ್ಮ ಕಚೇರಿಗಳಲ್ಲಿ ಮೇಲೇರಿದಷ್ಟೂ ರುಮಾಲು ದೊಡ್ಡದಾಗುತ್ತದೆ, ಗುಡ್ಡದಲ್ಲಿ ಮಾತ್ರ ಏರಿದವನೇ ತಲೆ ತಗ್ಗಿಸುತ್ತಾನೆ ಎಂದುಕೊಂಡು ನಕ್ಕೆ. ಪುರಸಣ್ಣ ನಗಲಿಲ್ಲ. ಅವನ ಮುಖ ಮರಗಳ ಜೊತೆಗೇ ಸಣ್ಣದಾಗುತ್ತಿತ್ತು.

ನೆತ್ತಿಯ ಬಂಡೆಯ ಮೇಲೆ ಒಂದೇ ಒಂದು ಗಿಡ್ಡ ನೇರಳೆ ಇತ್ತು, ನನ್ನ ಭುಜಕ್ಕೆ ಬರುತ್ತಿತ್ತು, ಅದರ ಸುತ್ತ ಬರಿಯ ಆಕಾಶ. ಪುರಸಣ್ಣ ಅದರ ಪಕ್ಕ ಕುಕ್ಕರಿಸಿ ಸಮುದ್ರದತ್ತ ಕಣ್ಣು ಹಾಯಿಸಿದ. ದ್ವೀಪದ ಮೂಗು ನೇರವಾಗಿತ್ತು, ಅದರಾಚೆ ಒಂದೇ ಕಡೆ ನೀರು ಬೆಳ್ಳಗೆ ಒಡೆಯುತ್ತಿತ್ತು.

"ಅಯ್ಯೋ ದೇವ್ರೆ," ಎಂದು ಅವನು ತಲೆಯ ವಸ್ತ್ರ ಬಿಚ್ಚಿ ಮುಖಕ್ಕೆ ಒತ್ತಿಕೊಂಡ. "ಇದು! ಇದ್ಕೆ ಕೈಮುಗ್ದದ್ದು ನಾವು! ಇದ್ದ ಒಂದು ಪಟ್ಟೆನೂ ಬೇರೆಯದ್ಕೆ ಬಳ್ದು ಕೂತೆ. ಹದ್ನಾಲ್ಕು ಜನರ ಹೆಂಡ್ರಿಗೆ ಏನು ಹೇಳೂದು?"

ಹಮ್ಮಣ್ಣ ಮಾತ್ರ ಹಗ್ಗ ತೆಗೆದು ನೇರಳೆಯ ಕಾಂಡಕ್ಕೆ ಸುತ್ತಿದ, ಮತ್ತೆ ಸುತ್ತಿದ, ಮೂರು ಸುತ್ತು ಸುತ್ತಿಯೂ ಹಗ್ಗ ಉಳಿಯಿತು. ಬಿದ್ದು ಬಿದ್ದು ನಗುತ್ತ, "ಇದ್ನ ಯಾರು ಕಡೀತಾರೆ? ನಮ್ಮ ಕಚೇರಿ ಲೆಕ್ಕದಲ್ಲಿ ಇದು ಮರವೇ ಅಲ್ಲ!" ಎಂದ. ಹೌದು, ಕಡಿಯಬೇಕಾದ ಮರಗಳ ಯಾದಿ ಬರೆದವನೇ ನಾನು. ಒಂದು ಸುತ್ತಿಗೆ ಹಗ್ಗ ಸಾಲದಂಥ ಮರಗಳಷ್ಟೇ ಅದರಲ್ಲಿದ್ದವು. ಪುರಸಣ್ಣ ನೇರಳೆಯನ್ನು ತಬ್ಬಿಕೊಂಡ, ನಾನು ಪುರಸಣ್ಣನನ್ನು ತಬ್ಬಿಕೊಂಡೆ, ಮೂವರೂ ಆ ಗಾಳಿಯಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಇಳಿಯುವಾಗ ಅವನು ಸುರಹೊನ್ನೆಯ ಬಳಿ ನಿಂತ. ಪ್ರಾಮಾಣಿಕ ಮನುಷ್ಯ, ವಸ್ತ್ರದ ತುದಿ ಹಸಿಮಾಡಿ ಸುಣ್ಣದ ಪಟ್ಟೆಯನ್ನು ಅಳಿಸಲೆಂದು ಒತ್ತಿದ. ಆಮೇಲೆ ಮೇಲೆ ನೋಡಿದ, ಕತ್ತು ನೋಯುವಷ್ಟು ಹೊತ್ತು ನೋಡಿದ, ಕೈ ತೆಗೆದ.

"ಬರಕಳ್ಳಿ ಕಾರಕೂನ್ರೆ. ಸಮುದ್ರಕ್ಕೆ ಕಾಣೂ ಮರ ಇದೇ."

"ಸಾಹೇಬರು ಪರೀಕ್ಷೆಗೆ ಬಂದರೆ?"

"ಬರ್ಲಿ, ನಾನೇ ದೋಣಿಲಿ ಕರ್ಕಂಡೋಗಿ ತೋರಿಸ್ತೆ. ಸದಾಶಿವಗಡಕ್ಕೆ ಹೊಳೆ ದಾಟೂದ್ರೊಳಗೇ ವಾಂತಿ ಮಾಡ್ಕಂಡವ್ರು ಅವ್ರು. ಅಷ್ಟು ದೂರ ಹೋದ್ಮೇಲೆ ತಲೆ ಎತ್ತಿ ಯಾವ ಮರ ನೋಡ್ತಾರೆ?"

ಎಂಟು ವರ್ಷದ ನೌಕರಿಯಲ್ಲಿ ಮೊದಲ ಸುಳ್ಳನ್ನು ನಾನು ಅಲ್ಲೇ, ಆ ಕಾಂಡಕ್ಕೇ ಕಾಗದ ಒತ್ತಿ, ದುಂಡಗೆ ಬರೆದೆ.