ಹದಿನಾರಿನ ಗದ್ದೆಗೆ ಪೆರುವಿನ ಕಡಲನ್ನು ತಂದ ಚೆಲುವಾಂಬ

ಇಲ್ಲ... ಇನ್ನೂ ನಂಬಲು ಆಗುತ್ತಿಲ್ಲ.
ನಿನ್ನೆ ಸಂಜೆ ಫೋನಿನಲ್ಲಿ, ಬಿಪಿ ಮಾತ್ರೆ ತಪ್ಪಿಸಿದೆ ಎಂದು ನನ್ನನ್ನು ಬೈದವಳು...
ಇವತ್ತು ಬೆಳಿಗ್ಗೆ ಅವಳಿಗೇ ಹಾರ್ಟ್ ಅಟ್ಯಾಕ್.

ಫೋನ್ ಮಾಡಿದ್ದು ಅವಳ ಅಣ್ಣ, ಹದಿನಾರು ಎಂಬ ಊರಿನ ಮಾದಪ್ಪನವರು.
"ಮೇಡಮ್ಮಾರೇ... ನಮ್ ಚೆಲುವಿ ಓಗ್ಬುಟ್ಳು ಕಣ್ರವ್ವಾ..."
ಫೋನಿನಲ್ಲೇ ಅತ್ತುಬಿಟ್ಟೆವು. ಅವರೂ... ನಾನೂ.

ಸ್ನೇಹಿತರೇ,
ಟಿ. ನರಸೀಪುರದ ನಮ್ಮ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ ಚೆಲುವಾಂಬ ಮೇಡಂ ಇನ್ನಿಲ್ಲ.
ನಾನು ಕನ್ನಡ, ಅವಳು ಜಾಗ್ರಫಿ.
ನಂಜನಗೂಡಿನಿಂದ ಒಂದೇ ಬಸ್ಸು, ಒಂದೇ ಸೀಟು... ವರ್ಷಗಟ್ಟಲೆ.
ಮದುವೆ ಬೇಡವೆಂದು ಒಬ್ಬಳೇ, ಖುಷಿಯಾಗಿ ಬದುಕಿದವಳು.

ಅವಳಿಗೊಂದು ಹುಚ್ಚಿತ್ತು. ಎಲ್ ನಿನೋ.
ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಕಾಫಿಯನ್ನು ಸಾಸರಿಗೆ ಸುರಿದು, ಮೇಲಿಂದ ಉಫ್ ಎಂದು ಊದಿ ತೋರಿಸುವಳು.
"ಇದು ಪೆಸಿಫಿಕ್ ಅಂದ್ಕೋ. ಗಾಳಿ ಹೀಗೆ ಬೀಸಿದ್ರೆ ಬಿಸಿನೀರೆಲ್ಲ ಇಂಡೋನೇಷ್ಯಾ ಕಡೆ ಸೇರ್ಕೊಳ್ಳುತ್ತೆ. ಬಿಸಿನೀರು ಎಲ್ಲೋ, ಮಳೆಮೋಡ ಅಲ್ಲೇ. ಕೆಲವು ವರ್ಷ ಗಾಳಿ ಸೋಲುತ್ತೆ. ಆಗ ಬಿಸಿನೀರು ವಾಪಸ್ ಪೆರು ಕಡೆ ಹರಡುತ್ತೆ. ನೀರು ಹರಡಿದಷ್ಟೂ ಗಾಳಿ ಇನ್ನೂ ಸೋಲುತ್ತೆ, ಗಾಳಿ ಸೋತಷ್ಟೂ ನೀರು ಇನ್ನೂ ಹರಡುತ್ತೆ. ಮೋಡಾನೂ ಅದರ ಹಿಂದೇ ಹೋಗುತ್ತೆ. ನಮ್ಮ ಮುಂಗಾರು ಸೊರಗುತ್ತೆ. ಅದೇ ಎಲ್ ನಿನೋ."
"ಬಸ್ ಬಂತು ಏಳೇ," ಎನ್ನುತ್ತಿದ್ದೆ ನಾನು.

ತೊಂಬತ್ತೇಳರಲ್ಲಿ ಪೆಸಿಫಿಕ್ ಕುದಿಯತೊಡಗಿತು. ಪೇಪರಿನಲ್ಲೆಲ್ಲ ಅದೇ ಸುದ್ದಿ.
ಅವಳು ಹದಿನಾರಿಗೆ ಓಡಿದಳು. ಮಳೆ ಕೈಕೊಡುತ್ತದೆ, ಭತ್ತ ಬೇಡ ಎಂದಳು.
ಮಾದಪ್ಪನವರು ತಂಗಿಯ ಮಾತು ನಂಬಿ ಕೆರೆ ಕೆಳಗಿನ ಗದ್ದೆಗೆಲ್ಲ ಹುರುಳಿ ಚೆಲ್ಲಿದರು.
ಆದರೆ ಮಳೆ ಬಂತು... ಎಂಥ ಮಳೆ!
ಕಪಿಲೆ ತುಂಬಿ ಹರಿದಳು. ಹದಿನಾರಿನ ಕೆರೆ ಕೋಡಿ ಬಿತ್ತು.
ಊರೆಲ್ಲ ನಾಟಿಗೆ ಇಳಿದಾಗ ಅಣ್ಣನ ಹುರುಳಿ ನಿಂತ ನೀರಿನಲ್ಲಿ ಕೊಳೆಯಿತು.

ಅವರು ನೇರ ನಮ್ಮ ಸ್ಟಾಫ್ ರೂಮಿಗೇ ಬಂದರು. ಎಲ್ಲರೂ ಇದ್ದೆವು.
"ಅದ್ಯಾವ್ದೋ ಪೆರು ಸಮುದ್ರ ಬಿಸಿಯಾದ್ರೆ ನಮ್ ಗದ್ದೆಗೇನವ್ವಾ? ಊರೋರು ನನ್ ಮಕ ನೋಡಿ ನಗ್ತಾವ್ರೆ!"

ಚೆಲುವಾ...
ನೀನು ಆವತ್ತೇ ತೀರ್ಮಾನ ಮಾಡಿದೆ.
ಭಾನುವಾರ ನನ್ನನ್ನೂ ಕರೆದುಕೊಂಡು ಹದಿನಾರಿಗೆ ಹೋದೆ.
ಅರಳಿಕಟ್ಟೆಯ ಮುಂದೆ, ಅಷ್ಟು ಗಂಡಸರ ಎದುರು ನಿಂತು ಹೇಳಿದೆ...
"ನಮ್ಮಣ್ಣನ್ನ ನೋಡಿ ನಗ್ಬೇಡಿ. ತಪ್ಪು ನಂದು. ಯಾಕೆ ತಪ್ಪಾಯ್ತು ಅಂತ ತಿಳ್ಕೊಂಡು ಬತ್ತೀನಿ."
ಯಾರೋ ಕಿಸಕ್ಕೆಂದರು. ನಾನು ನಿನ್ನ ಕೈ ಹಿಡಿದುಕೊಂಡೆ.

ಆಮೇಲೆ ನಿನ್ನ ಶನಿವಾರಗಳೆಲ್ಲ ಮೈಸೂರಿನ ಲೈಬ್ರರಿಗೇ ಹೋದವು.
ಕೆಲವು ವರ್ಷಗಳಾದ ಮೇಲೆ ಒಂದು ದಿನ ಜೆರಾಕ್ಸ್ ಹಾಳೆ ಹಿಡಿದು ನನ್ನ ಕ್ಲಾಸಿಗೇ ನುಗ್ಗಿದೆ!
"ನಮ್ಮ ಸಮುದ್ರಾನ ನಾವೇ ಮರ್ತಿದ್ವಿ ಕಣೇ! ಆ ವರ್ಷ ಆಫ್ರಿಕಾ ಕಡೆ ನೀರು ಬಿಸಿ, ಸುಮಾತ್ರಾ ಕಡೆ ತಣ್ಣಗೆ. ಅದ್ರಿಂದ ಮಳೆಮೋಡ ನಮ್ಮ ಕಡೆ ವಾಲ್ತು. ಪೆಸಿಫಿಕ್ ಮಳೇನ ಕಿತ್ಕೊಳ್ಳೋಕೆ ಬಂದ್ರೆ, ಹಿಂದೂ ಮಹಾಸಾಗರ ಬಿಡ್ಲಿಲ್ಲ!"
ಹುಡುಗಿಯರೆಲ್ಲ ಚಪ್ಪಾಳೆ ಹೊಡೆದರು, ಯಾಕೆಂದು ತಿಳಿಯದೆಯೇ...

ಎರಡು ಸಾವಿರದ ಎರಡು. ಮತ್ತೆ ಪೆಸಿಫಿಕ್ ಬಿಸಿಯಾಯಿತು.
ಈ ಸಲ ನೀನು ಹದಿನಾರಿಗೆ ಓಡಲಿಲ್ಲ. ಅಣ್ಣನೇ ನಂಜನಗೂಡಿಗೆ ಬಂದು ಕೇಳಿದರು.
"ಏನಂತದವ್ವಾ ನಿನ್ ಸಮುದ್ರ?"
"ಮಳೆ ಕಮ್ಮಿ ಆಗಬಹುದು ಅಣ್ಣ. ಖಂಡಿತ ಅನ್ನಲಾರೆ. ನಮ್ಮ ಸಮುದ್ರ ಏನು ಮಾಡುತ್ತೋ ಗೊತ್ತಿಲ್ಲ. ನನ್ನ ಮಾತು ಅರ್ಧ ನಂಬು."
"ಅರ್ಧ ನಂಬದು ಎಂಗವ್ವಾ?"
"ಅರ್ಧಕ್ಕೆ ಭತ್ತ, ಅರ್ಧಕ್ಕೆ ರಾಗಿ."
ಅವರು ನಕ್ಕು ಎದ್ದರು. ಹಾಗೇ ಮಾಡಿದರು.

ಜುಲೈ ಪೂರ್ತಿ ಆಕಾಶ ಬೋಳಾಗಿತ್ತು.
ಊರೆಲ್ಲ ಪೈರು ಒಣಗಿತು. ಅಣ್ಣನ ಭತ್ತವೂ ಹೋಯಿತು... ರಾಗಿ ಉಳಿಯಿತು. ಮನೆಗೆ ಊಟ, ದನಕ್ಕೆ ಹುಲ್ಲು.
ಈಗ ಅರಳಿಕಟ್ಟೆಯವರೇ ನಿನ್ನನ್ನು ಹೊಗಳತೊಡಗಿದರು.
"ಕೊನೆಗೂ ನೀನೇ ಗೆದ್ದೆಯಲ್ಲೇ," ಎಂದೆ ನಾನು, ಬಸ್ಸಿನಲ್ಲಿ.
ನೀನು ಕಿಟಕಿಯ ಕಡೆ ತಿರುಗಿದ್ದೆ. ಹೊರಗೆ ಸುಟ್ಟ ಗದ್ದೆಗಳು.
ನೋಡಿದರೆ... ಅಳುತ್ತಿದ್ದೆ.
"ಗೆಲ್ಲಬಾರದಿತ್ತು ಕಣೇ. ಈ ಸಲಾನೂ ನಂದೇ ತಪ್ಪಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು..."

ಇಂಥವಳು ನೀನು.
ಇನ್ನು ಯಾರ ಜೊತೆ ಜಗಳ ಆಡಲಿ ನಾನು...

ನಾಳೆ ಬೆಳಿಗ್ಗೆ ಹದಿನಾರಿನಲ್ಲಿ, ಅಣ್ಣನ ಹೊಲದಲ್ಲಿ ಮಣ್ಣು ಮಾಡುತ್ತಾರೆ.
ಅವಳ ಹತ್ತಿರ ಓದಿದವರು, ಬರಲು ಆಗುವವರು... ಬನ್ನಿ.

ಹೋಗಿ ಬಾ ಚೆಲುವಾ.
ಊರವರ ಮಳೆಗಾಗಿ ಅಷ್ಟು ಮರುಗಿದ ಜೀವ ನಿನ್ನದು... ಆ ಜೀವಕ್ಕೆ ಇನ್ನಾದರೂ ನೆಮ್ಮದಿಯ ನೆರಳು ಸಿಗಲಿ.
🙏