ಒಂದಂಗುಲದ ಬಿರುಕು

ಪಕ್ಕದವರ ಕಾರು, ಸಹೋದ್ಯೋಗಿಯ ಬಡ್ತಿ ಕಂಡು ಹೊಟ್ಟೆಕಿಚ್ಚು ಪಡುವವರಿದ್ದಾರೆ. ನಾನು ಹೊಟ್ಟೆಕಿಚ್ಚು ಪಟ್ಟದ್ದು ಕಣ್ಣಿಗೇ ಕಾಣದ ಬ್ಯಾಕ್ಟೀರಿಯಾಗಳನ್ನು ಕಂಡು.

ಅಹಮದಾಬಾದಿನ ನವರಂಗಪುರದಲ್ಲಿ ನಾನು ಆರ್ಕಿಟೆಕ್ಟ್. 2001ರ ಭೂಕಂಪದ ಬೆಳಗ್ಗೆ ಎದುರಿನ ಕಟ್ಟಡ ಕುಸಿಯಿತು. ಧೂಳು ಇಳಿದಾಗ ಮೂರನೆಯ ಮಹಡಿಯ ಬಟ್ಟೆ ಒಣಹಾಕುವ ಹಗ್ಗ ನನ್ನ ಮೊಣಕಾಲಿನೆತ್ತರಕ್ಕಿತ್ತು. ಅಂದಿನಿಂದ ಕಟ್ಟುವುದಕ್ಕಿಂತ ಬಿರುಕು ಅಳೆಯುವುದೇ ನನ್ನ ಕಸುಬಾಯಿತು. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ಬರುತ್ತೇನೆ. ಮುಂದಿನ ವಾರ ಗಾಜು ಒಡೆದಿದ್ದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ಮದುವೆಯ ಊಟದಲ್ಲೂ ಎಲೆಗಿಂತ ಮೊದಲು ತೊಲೆ ನೋಡುವ ಮನುಷ್ಯನಾದೆ.

ಹೀಗಿರುವಾಗ ವಡೋದರಾದಿಂದ ವಸುಧಾ ಕರೆದಳು. ನನ್ನ ಸಹಪಾಠಿ, ಧಾರವಾಡದವಳು. ಆರ್ಕಿಟೆಕ್ಚರ್ ಮುಗಿಸಿ ಸೂಕ್ಷ್ಮಜೀವಿಗಳ ಪ್ರಯೋಗಾಲಯ ಸೇರಿದ್ದಳು. ಮಕರಪುರದ ಕಾರ್ಖಾನೆಯೊಂದರಲ್ಲಿ, ಕಂಪ್ಯೂಟರ್ ನಡೆಸುವ ಯಂತ್ರದಿಂದ ಅಚ್ಚು ಕೊರೆಸಿ, ಮರಳು ತುಂಬಿ, ಬ್ಯಾಕ್ಟೀರಿಯಾ ಸುರಿದು ಕಲ್ಲಿನ ಹಲಗೆ ಬೆಳೆಸುತ್ತಿದ್ದಳು. ಬಿರುಕು ಬಿಟ್ಟರೆ ಅವೇ ಸುಣ್ಣ ಕಟ್ಟಿ ಮುಚ್ಚುತ್ತವಂತೆ. ಬಿರುಕು ಬಿಟ್ಟೊಡನೆ ಎಚ್ಚರಗೊಳ್ಳುವಂತೆ ಮುಂದೆ ಅವುಗಳ ಜೀನನ್ನೇ ತಿದ್ದುವ ಯೋಜನೆ ಬೇರೆ! ಸೂರತ್ತಿನ ಶಾಲೆಯೊಂದು ತನ್ನ ಜಗಲಿಯ ಚಾವಣಿಗೆ ಈ ಹಲಗೆ ಹಾಕಿಸಲು ಒಪ್ಪಿತ್ತು. ನಾನು ಅಳೆದು ಬರೆದುಕೊಟ್ಟರೆ ಮಾತ್ರ.

ನಾನು ಕಾದು ನೋಡಿದ ಬಿರುಕುಗಳಲ್ಲಿ ಒಂದೂ ತಾನಾಗಿ ಮುಚ್ಚಿರಲಿಲ್ಲ. ಅವಳದೂ ಮುಚ್ಚದಿರಲಿ ಎಂದು ಬೇಡಿಕೊಂಡೇ ರೈಲು ಹತ್ತಿದೆ.

ಪರೀಕ್ಷೆಗೆಂದು ಬೇಕೆಂದೇ ಬಿರುಕು ಬಿಡಿಸಿದ ಹಲಗೆಯನ್ನು ಭೂತಗನ್ನಡಿ ಹಿಡಿದು ನಾಲ್ಕು ಸಲ ಅಳೆದೆ. ಕಾರ್ಖಾನೆಯ ಯಜಮಾನ ಜಯಂತಿಭಾಯಿ ಚಹಾ ಮುಂದಿಟ್ಟು ಕೆಣಕಿದರು: "ಸಾಹೇಬ್, ಮಶೀನ್ ಕಾಟತಾ ಹೈ, ಕೀಡಾ ಜೋಡತಾ ಹೈ. ಆಪ್ ಕ್ಯಾ ಕರತೇ ಹೋ?"

ಯಂತ್ರ ಕತ್ತರಿಸುತ್ತದೆ, ಹುಳ ಜೋಡಿಸುತ್ತದೆ, ನಾನೇನು ಮಾಡುತ್ತೇನೆ? ಚಹಾ ಕುಡಿದೆ.

"ಮುಚ್ಚೇತೋ ಇಲ್ಲೋ? ಖರೇ ಹೇಳಪಾ," ಎಂದಳು ವಸುಧಾ.

ಗೇಣುದ್ದದ ಬಿರುಕು ಮುಚ್ಚಿತ್ತು. ಅಂಚಿನಲ್ಲಿ ಒಂದಂಗುಲ, ಕೂದಲೆಳೆಯಷ್ಟು ಸಪೂರ, ಉಳಿದಿತ್ತು. ಅದನ್ನು ಕಂಡು ನನಗಾದ ಆನಂದವನ್ನು ಹೇಳಲು ನಾಚಿಕೆಯಾಗುತ್ತದೆ. ಅದನ್ನಷ್ಟೇ ಬರೆದರೆ ಅವಳ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಮುಚ್ಚಿದ್ದನ್ನಷ್ಟೇ ಬರೆದರೆ ಮಕ್ಕಳು ಅದರಡಿ ಕೂರುತ್ತಿದ್ದರು. ಎರಡನ್ನೂ ಬರೆದೆ. "ತಲೆಯ ಮೇಲೆ ಬೇಡ, ಕೂರುವ ಕಟ್ಟೆಗೆ ಆದೀತು" ಎಂದು ಕೊನೆಗೆ ಸೇರಿಸಿದೆ.

ವಸುಧಾ ಎರಡು ಸಲ ಓದಿದಳು. ಆಮೇಲೆ ನಕ್ಕಳು. "ಉಳದೋರೆಲ್ಲಾ 'ಸೂಪರ್' ಅಂದು ಹೋದ್ರು. ಈ ಒಂದಂಗುಲ ಕಾಣಾಕ ಹೊಟ್ಟಿಕಿಚ್ಚಿನ ಕಣ್ಣೇ ಬೇಕಿತ್ತು ನೋಡು! ಕಾಲೇಜಿನಾಗಿಂದ ನಿನ್ನ ಬಲ್ಲೆ, ಅದಕ್ಕ ಕರಸಿದ್ದು."

ಸೂರತ್ತಿನಲ್ಲಿ ಕಟ್ಟೆಯಾಯಿತು. ನಾನು ಅಳೆದ ಹಲಗೆಯೂ ಅದರಲ್ಲಿ ಸೇರಿತು. ಮಳೆಗಾಲ ಕಳೆದು ಅವಳು ಫೋನು ಮಾಡಿ, ಆ ಒಂದಂಗುಲವೂ ಮುಚ್ಚಿತೆಂದಳು. "ಬಹಳ ಸಂತೋಷ" ಎಂದೆ. ಆ ಸಂತೋಷ ಎಷ್ಟೆಂದು ಮಾತ್ರ ಅಳೆಯಲು ಹೋಗಲಿಲ್ಲ.