ಫ್ರಿಜ್ ಗಣಪತಿ ನೋಡಿಬಂದ ಕಾರು

ಇಂಗ್ಲೆಂಡಿನಲ್ಲಿ ಹುಟ್ಟಿದ ಕಾರನ್ನು ಅಮೆರಿಕದಿಂದ ಇಂಗ್ಲೆಂಡಿಗೇ ಹಡಗಿನಲ್ಲಿ ತರಿಸುತ್ತೇನೆ ಎಂದಾಗ, ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಮನಿ ಮುಂದ ಬಾವಿ ಇಟ್ಕೊಂಡು ಊರಾಚಿ ಕೆರಿಗೆ ಹೋಗೋರು ನೀವೊಬ್ಬರ ನೋಡ್ರಿ!"

ಅವಳು ಧಾರವಾಡದವಳು, ನಾನು ಬೆಂಗಳೂರಿನವನು. ಲಂಡನ್ನಿನ ನಮ್ಮ ಕೊಲಿಂಡೇಲ್ ಫ್ಲಾಟಿನಲ್ಲಿ ವಾದ ಗೆಲ್ಲುವುದು ಯಾವಾಗಲೂ ಧಾರವಾಡವೇ.

"ಇಲ್ಲಿ ಮಳೆ, ಸಾಲದ್ದಕ್ಕೆ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರೋಡಿಗೆಲ್ಲ ಉಪ್ಪು ಹಾಕ್ತಾರೆ ಕಣೇ. ಹಳೇ ಕಾರು ತುಕ್ಕು ಹಿಡಿದುಹೋಗತ್ತೆ. ಕ್ಯಾಲಿಫೋರ್ನಿಯಾಗೆ ಹೋದವು ಬಿಸಿಲಲ್ಲಿ ಗಟ್ಟಿಮುಟ್ಟಾಗಿರ್ತವೆ!" ಎಂದೆ. ನನ್ನ ಪಾಂಡಿತ್ಯವೆಲ್ಲ ವಿಡಿಯೋ ನೋಡಿ ಬಂದದ್ದು. ಕೈಯಾರೆ ಬಿಚ್ಚಿ ಜೋಡಿಸಿದ್ದು ಮಿಕ್ಸರ್ ಒಂದನ್ನೇ.

"ಮೊದಲ ಇಲ್ಲಿದ್ದದ್ದು ನೋಡ್ರಿ. ಎಲ್ಲಿಂದರೆ ತಗೋರಿ, ತಳ ಗಟ್ಟಿ ಇರಬೇಕು. ಇಲ್ಲಂದ್ರ ನಾ ಕೂಡಂಗಿಲ್ಲ."

ಮೇಲೆ ಚಾವಣಿಯಿಲ್ಲದ ಆ ಸ್ಪೋರ್ಟ್ಸ್ ಕಾರಿಗಿರುವುದೇ ಎರಡು ಸೀಟು. ಅವಳು ಕೂರದಿದ್ದರೆ ನನ್ನ ಕನಸಿನ ಅರ್ಧ ಭಾಗ ಖಾಲಿ!

ಸರಿ, ಮಾರಾಟಕ್ಕಿದ್ದ ಅಂಥದೇ ಒಂದು ಕಾರು ನೋಡಲು ಊರಿನ ಇನ್ನೊಂದು ಮೂಲೆಯ ಇಲ್ಫರ್ಡಿಗೆ ಹೊರಟೆವು. ಜೇಬಿನಲ್ಲಿ ನಮ್ಮ ಫ್ರಿಜ್ಜಿನ ಗಣಪತಿ ಮ್ಯಾಗ್ನೆಟ್. ಬಣ್ಣದ ಕೆಳಗೆ ತಗಡಿದ್ದರೆ ಅದು ಕಚ್ಚಿಕೊಳ್ಳುತ್ತದೆ. ತುಕ್ಕಿನ ತೂತಿಗೆ ಪುಟ್ಟಿ ಮೆತ್ತಿದ್ದರೆ ಬಿದ್ದುಹೋಗುತ್ತದೆ. ಅಲ್ಲಿದ್ದ ಹಸಿರು ಕಾರು ಮದುಮಗನ ಹಾಗೆ ಹೊಳೆಯುತ್ತಿತ್ತು. ಬಾಗಿಲ ಕೆಳಗೆ ಗಣಪತಿಯನ್ನು ಇಟ್ಟೆ. ಟಪ್ಪನೆ ಬಿದ್ದ. ಪಕ್ಕದಲ್ಲಿಟ್ಟೆ. ಅಲ್ಲೂ ಬಿದ್ದ.

"ಇದೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದರು ಮಾಲೀಕರಾದ ಮುದುಕರು.

"ನಮ್ಮ ಇನ್ಸ್‌ಪೆಕ್ಟರು," ಎಂದೆ.

ಹೆಂಡತಿ ಗಣಪತಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. "ಸಾಕ್ ಬರ್ರಿ. ಅಂವಾನ ಒಲ್ಲೆ ಅನ್ನಾಕತ್ತಾನ."

ಮನೆಗೆ ಬಂದವನೇ ಕ್ಯಾಲಿಫೋರ್ನಿಯಾದ ಮಾಲೀಕನಿಗೆ ವಿಡಿಯೋ ಕಾಲ್ ಮಾಡಿದೆ. ಪಾಪ, ನಾನು ಕೇಳಿದ್ದಕ್ಕೆ ಅವನೂ ತನ್ನ ಫ್ರಿಜ್ಜಿನಿಂದ ಮ್ಯಾಗ್ನೆಟ್ ಕಿತ್ತು ತಂದ. ನಿಂಬೆಹಣ್ಣಿನ ಆಕಾರದ್ದು! ಬಾಗಿಲು, ಚಕ್ರದ ಅಂಚು, ಕೊನೆಗೆ ತೆವಳಿಕೊಂಡು ಹೋಗಿ ತಳ. ಇಟ್ಟಲ್ಲೆಲ್ಲ ಹಲ್ಲಿಯಂತೆ ಕಚ್ಚಿತು.

"ಅಯ್ಯ, ನಿಂಬಿಹಣ್ಣಿನ ಪೂಜಿನೂ ಆತಲ್ರೀ," ಎಂದಳು. ನಾನು ಅಡುಗೆಮನೆಯಲ್ಲೇ ಕುಣಿದುಬಿಟ್ಟೆ.

ಕೊನೆಗೂ ಕ್ಯಾಲಿಫೋರ್ನಿಯಾದ ಆ ಕೆಂಪು ಕಾರು ಹಡಗಿನಲ್ಲಿ ಬಂತು. ಸ್ಟಿಯರಿಂಗ್ ಎಡಕ್ಕೆ. ಅದು ಗೊತ್ತೇ ಇತ್ತು. ಅದರ ಅರ್ಥ ಗೊತ್ತಿರಲಿಲ್ಲ. ನಾಲ್ಕು ಚಕ್ರಕ್ಕೂ ನಿಜವಾದ ನಿಂಬೆಹಣ್ಣು ಇಟ್ಟೆವು. ಅವಳು ಬಲಗಡೆ ಕೂತು, ಎರಡೂ ಕಾಲಲ್ಲಿ ತಳವನ್ನು ಒದ್ದು ನೋಡಿದಳು. "ಗಟ್ಟಿ ಐತಿ." ನಾನು ಕೀಲಿ ತಿರುಗಿಸಿದೆ. ನಿಂಬೆಹಣ್ಣುಗಳ ಮೇಲೆ ಪಚಕ್ಕೆಂದು ಹತ್ತಿಸಿ ಹೊರಟೆವು.

ಮುಂದೆ ಒಂದು ಬಸ್ಸು ನಿಂತಿತು. ಎಡಗಡೆ ಕೂತ ನನಗೆ ಅದರ ಬೆನ್ನು ಬಿಟ್ಟು ಬೇರೇನೂ ಕಾಣದು. ಎದುರಿನ ರಸ್ತೆ ಪೂರ್ತಿ ಅವಳದು. ನಡುಬೀದಿಯಲ್ಲಿ ಕತ್ತು ಹೊರಹಾಕಿ ಕೂಗಿದಳು:

"ತಡೀರಿ... ಲಾರಿ ಬಂತು... ತಡೀರಿ... ಹಾಂ, ಈಗ! ಹೊಡೀರಿ, ಹೊಡೀರಿ!"

ಹೊಡೆದೆ, ಬಸ್ಸು ಹಿಂದಾಯಿತು. ಅವಳ ವೇಲು ಬಾವುಟದಂತೆ ಹಾರಿತು. ಇಬ್ಬರೂ ಕಿರುಚಿದೆವು. ಮನೆಯ ತಿರುವು ಬಂದಾಗ ಇಂಡಿಕೇಟರ್ ಹಾಕಿದೆ.

"ಯಾಕ?" ಎಂದಳು. "ಸೀದಾ ನಡೀರಿ."